ಊರಿಗೆ ಬಂದವರು ಮನೆಗೂ ಬರಲಿ

1838ರ ನವೆಂಬರ್‌ನಲ್ಲಿ ಹರ್ಮನ್ ಗುಂಡರ್ಟ್ ಎಂಬ ಜರ್ಮನ್ ತರುಣ ಪತ್ನಿ ಜೂಲಿಯ ಜೊತೆ ಮಂಗಳೂರಿಗೆ ಬಂದರು. ಎರಡು ವರ್ಷ ಮೊದಲು ಮದರಾಸಿನಲ್ಲಿ ಹಡಗಿನಿಂದ ಇಳಿದವರು ಅವರು. ತಿರುನೆಲ್ವೇಲಿ, ಚಿತ್ತೂರು ಎಂದು ತಿರುಗಿ, ಅಲ್ಲಿಯ ಭಾಷೆಗಳನ್ನು ಕಲಿತು, ಈಗ ಸ್ವಿಟ್ಜರ್ಲೆಂಡಿನ ಬಾಸೆಲ್ ಮಿಷನ್ ಸೇರಲು ಪಡುವಣ ಕರಾವಳಿಗೆ ಬಂದಿದ್ದರು. ಅದೇ ಮಿಷನ್ನಿನ ಕೆಲಸಕ್ಕೆಂದು ಹರ್ಮನ್ ಮೋಗ್ಲಿಂಗ್ ಕನ್ನಡ ನಾಡಿಗೆ ಬಂದು ಆಗಲೇ ಎರಡು ವರ್ಷವಾಗುತ್ತಾ ಬಂದಿತ್ತು. ಇಬ್ಬರೂ ವ್ಯೂರ್ಟೆಂಬರ್ಗ್ ಸೀಮೆಯವರು. ಟ್ಯೂಬಿಂಗೆನ್ ವಿಶ್ವವಿದ್ಯಾಲಯದಲ್ಲಿ ಓದುವಾಗಲೇ ಗೆಳೆಯರಾದವರು. ಬೇರೆ ಬೇರೆ ಹಡಗು ಹತ್ತಿ, ಬೇರೆ ಬೇರೆ ದಾರಿ ಹಿಡಿದು ಹೊರಟವರು ಕೊನೆಗೆ ಒಂದೇ ಕರಾವಳಿಯಲ್ಲಿ ಕೂಡಿಕೊಂಡರು. ಗುಂಡರ್ಟ್ ಬಾಸೆಲ್ ಮಿಷನ್ನನ್ನು ಆರಿಸಿಕೊಂಡದ್ದಕ್ಕೆ ಹಳೆಯ ಗೆಳೆಯ ಅಲ್ಲಿದ್ದದ್ದೂ ಒಂದು ಕಾರಣ ಎಂದೇ ನನ್ನ ನಂಬಿಕೆ.

ಮರುವರ್ಷ ಗುಂಡರ್ಟ್ ದಂಪತಿ ತಲಶ್ಶೇರಿಗೆ ಹೋದರು. ಅವರು ಮಲಯಾಳದವರಾದರು, ಮೋಗ್ಲಿಂಗ್ ಕನ್ನಡದವರಾದರು. ಮಂಗಳೂರಿನಿಂದ ತಲಶ್ಶೇರಿಗೆ ಈಗ ರೈಲಿನಲ್ಲಿ ಮೂರು ಗಂಟೆಯ ದಾರಿ. ಆ ಕಾಲಕ್ಕೆ ಹೊಳೆ ಹೊಳೆಗೂ ದೋಣಿ ಕಾಯಬೇಕಿತ್ತು. ಆದರೂ ಆ ಸ್ನೇಹ ಕಡಿಯಲಿಲ್ಲ. ಇಬ್ಬರೂ ಹೆಚ್ಚುಕಡಿಮೆ ಒಂದೇ ಹೊತ್ತಿಗೆ ತಾಯ್ನಾಡಿಗೆ ಮರಳಿದರು: ಗುಂಡರ್ಟ್ 1859ರಲ್ಲಿ, ಮೋಗ್ಲಿಂಗ್ 1860ರಲ್ಲಿ. 1881ರಲ್ಲಿ ಮೋಗ್ಲಿಂಗ್ ತೀರಿಕೊಂಡರು. ಮರುವರ್ಷವೇ ಅವರ ಜೀವನಚರಿತ್ರೆ ಅಚ್ಚಾಗಿ ಬಂತು. ಬರೆದವರು ಗುಂಡರ್ಟ್. ಮೊದಲ ಮಲಯಾಳಂ ಪತ್ರಿಕೆಯನ್ನು ಹೊರತಂದ ಮನುಷ್ಯ, ಮೊದಲ ಕನ್ನಡ ಪತ್ರಿಕೆಯನ್ನು ಹೊರತಂದ ಗೆಳೆಯನ ಬದುಕನ್ನು ಬರೆದಿಟ್ಟರು.

ಮಿಷನ್ನಿನ ಚರಿತ್ರೆಯನ್ನು ನಾವು ಸಾಮಾನ್ಯವಾಗಿ ಲೆಕ್ಕದ ಪುಸ್ತಕದ ಹಾಗೆ ಓದುತ್ತೇವೆ. ಎಷ್ಟು ಶಾಲೆ, ಎಷ್ಟು ಆಸ್ಪತ್ರೆ, ಎಷ್ಟು ಮಂದಿಗೆ ದೀಕ್ಷಾಸ್ನಾನ, ಯಾವ ವರ್ಷ ಅಚ್ಚುಕೂಟ, ಯಾವ ವರ್ಷ ಹೆಂಚಿನ ಕಾರ್ಖಾನೆ. ಹೊಗಳುವವರೂ ತೆಗಳುವವರೂ ಅದೇ ಲೆಕ್ಕವನ್ನು ಹಿಡಿದು ಜಗಳವಾಡುತ್ತಾರೆ. ಆ ಪುಸ್ತಕದಲ್ಲಿ ಸ್ನೇಹಕ್ಕೆ ಒಂದು ಕಾಲಂ ಇಲ್ಲ. ಆದರೆ ಆ ಕೆಲಸದಲ್ಲಿ ಇಂದಿಗೂ ಉಳಿದು ನಮಗೆ ದಕ್ಕಿರುವುದರಲ್ಲಿ ಬಹುಪಾಲು ಗೆಳೆತನದಿಂದ ಹುಟ್ಟಿದ್ದು. ಇದನ್ನು ಭಾವುಕತೆಯಿಂದ ಹೇಳುತ್ತಿಲ್ಲ. ಪುಸ್ತಕಗಳ ಕಪಾಟನ್ನೇ ನೋಡಿ.

1848ರಿಂದ 1853ರವರೆಗೆ ಮಂಗಳೂರಿನ ಬಾಸೆಲ್ ಮಿಷನ್ ಅಚ್ಚುಕೂಟದಿಂದ ಮೋಗ್ಲಿಂಗ್ ‘ಬಿಬ್ಲಿಯೋಥಿಕಾ ಕರ್ನಾಟಿಕಾ’ ಎಂಬ ಮಾಲೆ ಹೊರತಂದರು. ಬಸವಪುರಾಣ, ಜೈಮಿನಿ ಭಾರತ, ದಾಸರ ಪದಗಳು, ಕನಕದಾಸರ ಹರಿಭಕ್ತಿಸಾರ, ಒಂದು ಯಕ್ಷಗಾನ ಪ್ರಸಂಗ ಕೂಡ. ಓಲೆಗರಿಯಲ್ಲಿ, ಕಡತದಲ್ಲಿ ಇದ್ದದ್ದು ಕಲ್ಲಚ್ಚಿನಲ್ಲಿ ಮೂಡಿತು. ಕ್ರಿಸ್ತನನ್ನು ಸಾರಲು ಬಂದ ಮಿಷನ್ನಿಗೆ ಬಸವಪುರಾಣ ಅಚ್ಚು ಹಾಕುವ ಖರ್ಚು ತನ್ನ ಬಾಬ್ತು ಎನಿಸುವಂತಿರಲಿಲ್ಲ. ಹಣ ಕೊಟ್ಟವರು ಕಸಮೇಜರ್ ಎಂಬ ನಿವೃತ್ತ ನ್ಯಾಯಾಧೀಶರು, ನೀಲಗಿರಿಯ ಕೇಟಿಯಲ್ಲಿ ನೆಲೆಸಿದ್ದವರು. ಮೋಗ್ಲಿಂಗ್ ಅವರ ಜೊತೆಗಾರ ಗಾಟ್‌ಫ್ರೀಡ್ ವೈಗ್ಲೆ ಆ ಬೆಟ್ಟಕ್ಕೆ ಹೋಗಿ ಇದ್ದರು. ಸಂಬಳದ ಬಲದಿಂದ, ಮೇಲಿನ ಆದೇಶದಿಂದ ನಡೆದ ಕೆಲಸ ಇದಲ್ಲ. ಮೂರು ಮಂದಿಗೆ ಒಂದೇ ಹುಚ್ಚು ಹಿಡಿದಿತ್ತು, ಅಷ್ಟೆ. ವೈಗ್ಲೆ ಮತ್ತು ಮೋಗ್ಲಿಂಗ್ ಸೇರಿ ಜಾನ್ ಬನಿಯನ್ನನ ‘ಪಿಲ್‌ಗ್ರಿಮ್ಸ್ ಪ್ರೋಗ್ರೆಸ್’ ಕೃತಿಯನ್ನು ‘ಯಾತ್ರಿಕನ ಸಂಚಾರ’ ಎಂದು ಕನ್ನಡಕ್ಕೆ ತಂದರು. 1855ರಲ್ಲಿ ವೈಗ್ಲೆ ತೀರಿಕೊಂಡರು, ನಲವತ್ತು ಕೂಡ ದಾಟಿರಲಿಲ್ಲ. ಮುಂದೆ ಅವರ ಪತ್ನಿ ಪಾಲಿನಾಳನ್ನು ಮೋಗ್ಲಿಂಗ್ ಮದುವೆಯಾದರು. ದೂರದೇಶದಲ್ಲಿ ಗಂಡನನ್ನು ಕಳೆದುಕೊಂಡ ಹೆಣ್ಣು, ಆ ಮಕ್ಕಳು, ಆ ಮನೆಯನ್ನು ಎಷ್ಟೋ ವರ್ಷದಿಂದ ಬಲ್ಲ ಗೆಳೆಯ. ಆ ಮದುವೆಯ ಹಿಂದಿನ ಮಾತುಕತೆ ನಮಗೆ ಬೇಡ. ಅಂಥ ಪ್ರಯಾಣದಲ್ಲಿ ಗೆಳೆಯರೆಂದರೆ ಬಂಧುಬಳಗವೇ ಆಗಿದ್ದರು ಎಂಬುದಕ್ಕೆ ಅದಕ್ಕಿಂತ ದೊಡ್ಡ ಸಾಕ್ಷಿಯೂ ಬೇಡ.

ಇನ್ನೊಂದು ಬಗೆಯ ಸ್ನೇಹವಿದೆ. ಅದರ ಬಗ್ಗೆ ನನಗೆ ನಿಜಕ್ಕೂ ಸಂಕಟವಿದೆ. ಹಡಗಿನಿಂದ ಇಳಿದ ಪ್ರತಿಯೊಬ್ಬ ಮಿಷನರಿಗೂ ಕನ್ನಡ ಕಲಿಸಿದ ಒಬ್ಬ ಮುನ್ಷಿ ಇದ್ದರು. ದಿನವೂ ಮುಂಜಾನೆ ಬಂದು ಎದುರು ಕುಳಿತು ‘ಳ’ಕಾರ ತಿದ್ದಿದವರು, ಗಾದೆಗಳ ಒಳಮರ್ಮ ಬಿಡಿಸಿ ಹೇಳಿದವರು, ಷಟ್ಪದಿಯನ್ನು ಓದಿ ತೋರಿಸಿದವರು. ಅವರಲ್ಲಿ ಎಷ್ಟೋ ಮಂದಿ ಮತ ಬದಲಿಸಲಿಲ್ಲ. ಮಿಷನರಿಯ ಮಾತನ್ನು ಒಪ್ಪದೆಯೇ ಅವನಿಗೆ ಮಾತು ಕಲಿಸಿದರು. ಬಹುಪಾಲು ಪುಸ್ತಕಗಳ ಮುಖಪುಟದಲ್ಲಿ ಅವರ ಹೆಸರಿಲ್ಲ. ದಿನಕ್ಕೆ ಎರಡು ಮೂರು ತಾಸು, ವರ್ಷಗಟ್ಟಲೆ ಎದುರುಬದುರು ಕುಳಿತ ಇಬ್ಬರ ನಡುವೆ ಪಾಠಕ್ಕಿಂತ ಹೆಚ್ಚಿನದು ಏನೋ ಬೆಳೆದೇ ಬೆಳೆದಿರುತ್ತದೆ. ಅದನ್ನು ಬರೆದಿಡುವ ಮನಸ್ಸು ಒಂದು ಕಡೆಯವರಿಗೆ ಬರಲಿಲ್ಲ, ಇನ್ನೊಂದು ಕಡೆಯವರಿಗೆ ಅವಕಾಶ ಸಿಗಲಿಲ್ಲ. ಕನ್ನಡದ ವಿದ್ವಾಂಸರು ಈ ಮುನ್ಷಿಗಳ ಹೆಸರುಗಳನ್ನು ಹುಡುಕಿ ತೆಗೆಯುವ ಕೆಲಸಕ್ಕೆ ಇನ್ನಾದರೂ ಕೈಹಾಕಬೇಕು. ಮಿಷನ್ನಿನ ಪತ್ರಗಳು, ವರದಿಗಳು ಬಾಸೆಲ್‌ನ ಪತ್ರಾಗಾರದಲ್ಲಿ ಇವೆ. ಮಂಗಳೂರಿನ ಬಲ್ಮಠದ ಕರ್ನಾಟಕ ಥಿಯಾಲಾಜಿಕಲ್ ಕಾಲೇಜಿನ ಪತ್ರಾಗಾರದಲ್ಲೂ ಇವೆ.

ಸ್ನೇಹಕ್ಕೆ ತೆತ್ತ ಬೆಲೆಯ ವಿಷಯ ಬಂದರೆ ಆನಂದರಾಯ ಕೌಂಡಿನ್ಯರ ಹೆಸರು ಹೇಳಲೇಬೇಕು. ಮಂಗಳೂರಿನ ಸಾರಸ್ವತ ಬ್ರಾಹ್ಮಣರ ಮನೆಯ ಹುಡುಗ, ಮಿಷನ್ನಿನ ಇಂಗ್ಲಿಷ್ ಶಾಲೆಯಲ್ಲಿ ಓದಿದವರು. 1844ರ ಜನವರಿಯಲ್ಲಿ ಇನ್ನಿಬ್ಬರು ಗೆಳೆಯರ ಜೊತೆ ದೀಕ್ಷಾಸ್ನಾನ ತೆಗೆದುಕೊಂಡರು. ಊರೆಲ್ಲ ಅಲ್ಲೋಲಕಲ್ಲೋಲವಾಯಿತು. ಮಗ ಬದುಕಿದ್ದೂ ಸತ್ತಂತೆ ಎಂದುಕೊಂಡ ಆ ಮನೆಯ ದುಃಖವನ್ನು ಹಗುರವಾಗಿ ನೋಡಲು ನನ್ನಿಂದ ಆಗದು. ಹೆಂಡತಿ ಲಕ್ಷ್ಮಿ ವರ್ಷಗಟ್ಟಲೆ ದೂರವೇ ಉಳಿದರು. ಆ ಹೆಣ್ಣುಮಗಳ ಪಾಲಿಗೆ ಬಂದದ್ದು ತಾನು ಕೇಳದ ಒಂಟಿತನ. ಮಿಷನ್ ಚರಿತ್ರೆ ಬರೆಯುವವರು ಈ ಪುಟವನ್ನು ಬೇಗ ಮಗುಚಿ ಮುಂದೆ ಹೋಗುತ್ತಾರೆ. ಹಾಗೆ ಹೋಗಬಾರದು.

ಕೌಂಡಿನ್ಯರು ಇಟ್ಟುಕೊಂಡ ಹೊಸ ಹೆಸರು ಹರ್ಮನ್. ಮೋಗ್ಲಿಂಗರ ಹೆಸರೇ ಅದು. ಗುರುವೂ ಗೆಳೆಯನೂ ಆಗಿದ್ದವರ ಜೊತೆ ಸಮುದ್ರ ದಾಟಿ 1846ರಲ್ಲಿ ಬಾಸೆಲ್ ತಲುಪಿದರು. ಐದು ವರ್ಷ ಓದಿ, ಗುರುದೀಕ್ಷೆ ಪಡೆದು, 1851ರಲ್ಲಿ ಮಿಷನರಿಯಾಗಿಯೇ ಮಂಗಳೂರಿಗೆ ಮರಳಿದರು. ಇದು ಆ ಕಾಲಕ್ಕೆ ಎಂಥ ಸಂಗತಿ ಎಂದು ಯೋಚಿಸಿ. ಬಿಳಿಯರು ಕಳಿಸುವವರು, ಇಲ್ಲಿಯವರು ಕೇಳುವವರು ಎಂಬ ಏರ್ಪಾಡಿನಲ್ಲಿ, ಬಾಸೆಲ್‌ನಲ್ಲೇ ಓದಿದ ಮಂಗಳೂರಿನವರೊಬ್ಬರು ಅವರ ಸಾಲಿನಲ್ಲೇ ನಿಂತರು. ಬಲ್ಮಠದಲ್ಲಿ ಪಾಠ ಮಾಡಿದರು, 1860ರಲ್ಲಿ ಜರ್ಮನಿಯ ಮರಿಯೆ ರೈನ್‌ಹಾರ್ಟ್ ಅವರನ್ನು ಮದುವೆಯಾದರು, ಕೊಡಗಿನ ಆನಂದಪುರಕ್ಕೆ ತಮ್ಮ ಹೆಸರನ್ನು ಬಿಟ್ಟುಹೋದರು. ಮಿಷನ್ನಿನ ಆಡಳಿತ ಮುಂದೆ ಅಂಥ ಸಮಾನತೆಯನ್ನು ಎಷ್ಟು ಮಂದಿ ಭಾರತೀಯರಿಗೆ ಕೊಟ್ಟಿತು? ಕೆಲವೇ ಕೆಲವರಿಗೆ. ಕೌಂಡಿನ್ಯರಿಗೆ ಅದು ಸಿಕ್ಕಿದ್ದು ಒಬ್ಬ ಗೆಳೆಯ ಅವರನ್ನು ಜೊತೆಗೆ ಕರೆದುಕೊಂಡು ಹೋದದ್ದರಿಂದ.

ಮೋಗ್ಲಿಂಗ್ ಕೂಡ ಒಂದು ಪ್ರಯಾಣವನ್ನು ಸ್ನೇಹಕ್ಕಾಗಿ ಬಿಟ್ಟವರು. 1852ರ ಕೊನೆಗೆ ತಾಯ್ನಾಡಿಗೆ ಹೊರಡಲು ಸಜ್ಜಾಗಿದ್ದಾಗ ಕೊಡವರೊಬ್ಬರು ಅವರನ್ನು ಹುಡುಕಿಕೊಂಡು ಬಂದರು. ಮೋಗ್ಲಿಂಗ್ ಹಡಗು ಬಿಟ್ಟು ಘಟ್ಟ ಹತ್ತಿದರು. ಕೊಡಗಿನ ಬಗ್ಗೆ 1855ರಲ್ಲಿ ಇಂಗ್ಲಿಷ್‌ನಲ್ಲಿ ಬರೆದ ಪುಸ್ತಕ, 1857ರಲ್ಲಿ ಅಚ್ಚಾದ ಕನ್ನಡದ ‘ರಾಜೇಂದ್ರನಾಮೆ’ ಆ ಹತ್ತುವಿಕೆಯ ಫಲ.

ಈ ಎಲ್ಲ ಉದಾಹರಣೆ ಕೊಟ್ಟು ಆ ಕಾಲ ಸ್ನೇಹಮಯವಾಗಿತ್ತು ಎಂದರೆ ತಪ್ಪಾಗುತ್ತದೆ. ಹಾಗಿರಲಿಲ್ಲ ಎಂದು ನೇರವಾಗಿ, ಮಿಷನರಿಗಳ ಎದುರೇ ನಿಂತು ಹೇಳಿದವರು ವಿ.ಎಸ್. ಅಜರಯ್ಯ. ತಿರುನೆಲ್ವೇಲಿಯ ತಮಿಳರು. 1909ರಲ್ಲಿ ನಿಜಾಮರ ಸೀಮೆಯ ದೋರ್ನಕಲ್‌ಗೆ ಮಿಷನರಿಯಾಗಿ ಹೋಗಿ ತೆಲುಗರ ನಡುವೆ ನೆಲೆಸಿದವರು. ಅಂದರೆ ಭಾಷೆ ಗೊತ್ತಿಲ್ಲದ ಊರಿಗೆ ಹೋಗಿ ಸ್ನೇಹ ಸಂಪಾದಿಸುವುದು ಎಷ್ಟು ಕಷ್ಟ ಎಂದು ಸ್ವತಃ ಬಲ್ಲವರು. 1910ರ ಜೂನ್‌ನಲ್ಲಿ ಎಡಿನ್‌ಬರೋದಲ್ಲಿ ಜಾಗತಿಕ ಮಿಷನರಿ ಸಮ್ಮೇಳನ ನಡೆಯಿತು. ಸಾವಿರದ ಇನ್ನೂರರಷ್ಟು ಪ್ರತಿನಿಧಿಗಳಲ್ಲಿ ಏಷ್ಯಾದವರು ಇಪ್ಪತ್ತರೊಳಗೆ. ಅಲ್ಲಿ ಮಾತಾಡಲು ನಿಂತ ಅಜರಯ್ಯ ಮಿಷನರಿಗಳ ತ್ಯಾಗವನ್ನು ಅಲ್ಲಗಳೆಯಲಿಲ್ಲ. ನೀವು ಎಲ್ಲವನ್ನೂ ಕೊಟ್ಟಿದ್ದೀರಿ, ಆದರೆ ನಾವು ಕೇಳುತ್ತಿರುವುದು ಗೆಳೆಯರನ್ನು ಎಂಬ ಅರ್ಥದಲ್ಲಿ ಮಾತು ಮುಗಿಸಿದರು. ಜೊತೆಯಲ್ಲಿ ದುಡಿಯುವ ಭಾರತೀಯನನ್ನು ಮನೆಗೆ ಕರೆದು ಊಟಕ್ಕೆ ಕೂರಿಸದ ಮಿಷನರಿಯ ಬಗ್ಗೆ ಅವರಿಗೆ ನೋವಿತ್ತು. ಸಭೆಯಲ್ಲಿ ಹಲವರಿಗೆ ಅದು ಹಿಡಿಸಲಿಲ್ಲ. ಎರಡು ವರ್ಷದ ನಂತರ ಅವರು ದೋರ್ನಕಲ್‌ನ ಬಿಷಪ್ ಆದರು, ಆಂಗ್ಲಿಕನ್ ಸಭೆಯಲ್ಲಿ ಆ ಸ್ಥಾನಕ್ಕೇರಿದ ಮೊದಲ ಭಾರತೀಯ. ಅವರು ಎಡಿನ್‌ಬರೋದಲ್ಲಿ ಕೇಳಿದ ಪ್ರಶ್ನೆಗೆ ನೂರು ವರ್ಷ ದಾಟಿದರೂ ಹರಿತ ಕಡಿಮೆಯಾಗಿಲ್ಲ.

ಅಜರಯ್ಯ ಕೇಳಿದಂಥ ಗೆಳೆತನ ಇಲ್ಲಿ ಕೆಲವರಿಗೆ ಸಾಧ್ಯವಾಗಿಯೂ ಇತ್ತು. 1904ರಲ್ಲಿ ದೆಹಲಿಯ ಕೇಂಬ್ರಿಜ್ ಮಿಷನ್‌ಗೆ ಬಂದ ಸಿ.ಎಫ್. ಆಂಡ್ರ್ಯೂಸ್, ಸೇಂಟ್ ಸ್ಟೀಫನ್ಸ್ ಕಾಲೇಜಿನಲ್ಲಿ ಸುಶೀಲ್ ಕುಮಾರ್ ರುದ್ರ ಅವರ ಗೆಳೆಯರಾದರು. ಪ್ರಿನ್ಸಿಪಾಲರ ಹುದ್ದೆ ಖಾಲಿಯಾದಾಗ ಅದು ರುದ್ರ ಅವರಿಗೇ ಸಲ್ಲಬೇಕು ಎಂದು ಪಟ್ಟು ಹಿಡಿದರು. 1906ರಲ್ಲಿ ರುದ್ರ ಆ ಕಾಲೇಜಿನ ಮೊದಲ ಭಾರತೀಯ ಪ್ರಿನ್ಸಿಪಾಲರಾದರು. ಮುಂದೆ ಗಾಂಧೀಜಿ ದೆಹಲಿಗೆ ಬಂದರೆ ಇಳಿಯುತ್ತಿದ್ದುದು ರುದ್ರ ಅವರ ಮನೆಯಲ್ಲಿ. ತನಗೆ ಸಿಗಬಹುದಾದ ಕುರ್ಚಿಯನ್ನು ಗೆಳೆಯನಿಗೆ ಬಿಟ್ಟುಕೊಡುವುದಕ್ಕಿಂತ ದೊಡ್ಡ ಪ್ರಸಂಗ ಬೇಕೆ?

1914ರ ಯುದ್ಧ ಬಂದಾಗ ಕರಾವಳಿಯ ಸ್ನೇಹಗಳಿಗೂ ಪರೀಕ್ಷೆ ಬಂತು. ಬಾಸೆಲ್ ಮಿಷನ್ನಿನ ಜರ್ಮನ್ ಮಿಷನರಿಗಳು ಒಂದೇ ಏಟಿಗೆ ಶತ್ರುದೇಶದವರಾದರು. ಎಷ್ಟೋ ಮಂದಿಯನ್ನು ಅಹ್ಮದ್‌ನಗರದ ಶಿಬಿರದಲ್ಲಿ ಕೂಡಿಹಾಕಿ, ನಂತರ ‘ಗೋಲ್ಕೊಂಡಾ’ ಎಂಬ ಹಡಗಿನಲ್ಲಿ ಊರಿಗೆ ಕಳಿಸಲಾಯಿತು. ಶಾಲೆ, ಸಭೆ, ಬೋರ್ಡಿಂಗ್‌ಗಳ ಹೊಣೆ ಇಲ್ಲಿಯ ಸಭಾಪಾಲಕರ, ಉಪದೇಶಿಗಳ, ಶಿಕ್ಷಕಿಯರ ತಲೆಯ ಮೇಲೆ ಬಿತ್ತು. ಕಾಗದ ಓಡಾಡದ ವರ್ಷಗಳು ಅವು. ಯುದ್ಧ ಮುಗಿದು ಮಿಷನ್ ಮತ್ತೆ ಬರುವ ಹೊತ್ತಿಗೆ ಇಲ್ಲಿಯವರು ತಾವೇ ನಡೆಸುವುದನ್ನು ಕಲಿತಿದ್ದರು. ಮರಳಿ ಬಂದವರನ್ನು ಯಜಮಾನರೆಂದು ಎದುರುಗೊಳ್ಳುವ ಅಗತ್ಯ ಉಳಿದಿರಲಿಲ್ಲ. ಅಗಲಿಕೆಯ ನಂತರದ ಭೇಟಿಯಲ್ಲಿ ಇಬ್ಬರೂ ಮೊದಲಿದ್ದವರೇ ಆಗಿರುವುದಿಲ್ಲ. ಮತ್ತೆ ಕೂಡುವ ಸ್ನೇಹದ ಕಷ್ಟವೂ ಸೊಗಸೂ ಅಲ್ಲಿಯೇ ಇದೆ.

ಈಗಿನ ಮಿಷನ್ ಪ್ರಯಾಣ ಬೇರೆ. ವಿಮಾನದಲ್ಲಿ ಬಂದು ಎರಡು ವಾರದಲ್ಲಿ ಹೋಗುವ ತಂಡಗಳು. ಒಂದು ವರ್ಷ ಇದ್ದು ಬೋರ್ಡಿಂಗ್ ಮಕ್ಕಳ ಜೊತೆ ಕೆಲಸ ಮಾಡುವ ಜರ್ಮನಿ, ಸ್ವಿಟ್ಜರ್ಲೆಂಡಿನ ತರುಣ ತರುಣಿಯರು. ಇಲ್ಲಿಂದ ಅಲ್ಲಿಗೆ ಹೋಗಿ ವೃದ್ಧಾಶ್ರಮದಲ್ಲೋ ಶಿಶುವಿಹಾರದಲ್ಲೋ ವರ್ಷ ಕಳೆದು ಬರುವ ನಮ್ಮ ಹುಡುಗರೂ ಇದ್ದಾರೆ. ಸಾರುವುದಕ್ಕಿಂತ ಸೇವೆ, ಪರಿಚಯ ಇವುಗಳ ಮೇಲೆ ಒತ್ತು. ಒಳ್ಳೆಯದೇ. ಆದರೆ ಎರಡು ವಾರದ ತಂಡಗಳನ್ನು ನೋಡಿದಾಗ ನನಗೆ ಅಜರಯ್ಯನವರ ಮಾತು ಮತ್ತೆ ಮತ್ತೆ ನೆನಪಾಗುತ್ತದೆ. ಬರುತ್ತಾರೆ, ಹಾರ ಹಾಕಿಸಿಕೊಳ್ಳುತ್ತಾರೆ, ಗೋಡೆಗೆ ಬಣ್ಣ ಬಳಿಯುತ್ತಾರೆ, ಮಕ್ಕಳನ್ನು ಎತ್ತಿಕೊಂಡು ಫೋಟೊ ತೆಗೆಸಿಕೊಳ್ಳುತ್ತಾರೆ, ಹೋಟೆಲಿಗೆ ಮರಳಿ ಮಲಗುತ್ತಾರೆ. ಊರಿಗೆ ಬಂದವರು ಯಾರ ಮನೆಗೂ ಬಂದಿರುವುದಿಲ್ಲ. ಎತ್ತಿಕೊಂಡ ಮಗುವಿನ ಹೆಸರೂ ಅವರಿಗೆ ಗೊತ್ತಿರುವುದಿಲ್ಲ. ಇದು ಬಿಳಿಯರ ದೋಷ ಮಾತ್ರ ಎಂದುಕೊಳ್ಳಬೇಡಿ. ಬೆಂಗಳೂರಿನಿಂದ ಹಳ್ಳಿಗೆ ಹೋಗುವ ನಮ್ಮ ತಂಡಗಳೂ ಹೀಗೆಯೇ.

ನನಗೆ ಇದರಲ್ಲಿ ಇಷ್ಟು ಆಸ್ಥೆ ಯಾಕೆ ಎಂದರೆ, ಗದಗಿನ ಪಕ್ಕದ ಬೆಟಗೇರಿ. ಕಾಲೇಜು ಮುಗಿದ ಬೇಸಿಗೆಯಲ್ಲಿ ನಮ್ಮ ಸಭೆಯ ಯುವಜನ ಸಂಘದಿಂದ ಕರಾವಳಿಯ ಹುಡುಗರು ಒಂದು ತಂಡವಾಗಿ ಅಲ್ಲಿಗೆ ಹೋದೆವು. ಮಿಷನ್ ಆಸ್ಪತ್ರೆಯ ಆವರಣದಲ್ಲಿ ಸುಣ್ಣ ಹೊಡೆಯುವುದು, ಮಕ್ಕಳಿಗೆ ವಿ.ಬಿ.ಎಸ್. ಎಂಬ ರಜೆಯ ಬೈಬಲ್ ಶಾಲೆ ನಡೆಸುವುದು, ಸಂಜೆ ಹಾಡು. ಉಳಿಯಲು ಅಲ್ಲಿಯ ಸಭಾಪಾಲಕರಾದ ಅಯ್ಯನವರು ನಮ್ಮನ್ನು ಇಬ್ಬಿಬ್ಬರಂತೆ ಮನೆಗಳಿಗೆ ಹಂಚಿದರು. ನನ್ನ ಪಾಲಿಗೆ ಬಂದದ್ದು ಒಂದು ನೇಕಾರರ ಮನೆ. ಬಾಗಿಲು ದಾಟಿದ ಕೂಡಲೇ ಕುಣಿ ಮಗ್ಗ. ನೆಲದಲ್ಲಿ ಸೊಂಟದ ಆಳ ಗುಂಡಿ, ಅದರಲ್ಲಿ ಕಾಲು ಇಳಿಬಿಟ್ಟು ಕೂತು ಮನೆಯ ಯಜಮಾನರು ನೇಯುತ್ತಿದ್ದರು. ಲಾಳಿ ಆ ಕಡೆ ಈ ಕಡೆ ಓಡುವ ಸದ್ದಿಗೆ ಬೆಳಗಾಗುತ್ತಿತ್ತು. ಮೊದಲ ದಿನ ಊಟಕ್ಕೆ ಕೂತಾಗ ತಟ್ಟೆಗೆ ಬಿಸಿ ಜೋಳದ ರೊಟ್ಟಿ ಬಿತ್ತು, ಪಕ್ಕದಲ್ಲಿ ಎಣ್ಣೆಗಾಯಿ, ಶೇಂಗಾ ಚಟ್ನಿಪುಡಿ, ಕೆನೆಮೊಸರು. ಕುಚ್ಚಲಕ್ಕಿ ಗಂಜಿಯ ನಮಗೆ ಅದನ್ನು ಹೇಗೆ ಹಿಡಿಯಬೇಕೆಂದೂ ತಿಳಿಯಲಿಲ್ಲ.

“ಯಾಕ ತಮ್ಮಾ, ಹಂಗ ಎಳೀತಿ? ಅದೇನ್ ಚಪಾತಿ ಅಲ್ಲ. ಮುರದು ತಿನ್ನು,” ಎಂದರು ಅವ್ವ. ಆಮೇಲೆ ಮಗನ ಕಡೆ ತಿರುಗಿ, “ನೀ ತಿಂದು ತೋರಸೋ. ಸಮುದ್ರದ ಮಂದಿ, ಪಾಪ,” ಎಂದರು.

ಆ ಮಗ ನನ್ನದೇ ವಯಸ್ಸಿನವನು. ತೋರಿಸಿದ. ಹದಿನೈದು ದಿನದ ಕೊನೆಗೆ ಅವನಿಗೆ ತುಳುವಿನಲ್ಲಿ ಬೈಯಲು ಬರುತ್ತಿತ್ತು, ನನಗೆ ಹರಿದ ಎಳೆಗೆ ಗಂಟು ಹಾಕಲು ಬರುತ್ತಿತ್ತು. ನಾವು ಅಲ್ಲಿ ಹೊಡೆದ ಸುಣ್ಣ ಮುಂದಿನ ಮಳೆಗೇ ಹೋಗಿರುತ್ತದೆ.

ಕೆಲವು ವರ್ಷ ಇನ್‌ಲ್ಯಾಂಡ್ ಲೆಟರ್ ಓಡಾಡಿದವು. ಕೈಮಗ್ಗಕ್ಕೆ ಗಿರಾಕಿ ಕಡಿಮೆಯಾಗುತ್ತಿದೆ ಎಂದು ಬರೆದಿದ್ದ. ಅವರು ಮನೆ ಬದಲಿಸಿದರು, ನಾನು ಕೆಲಸಕ್ಕೆ ಊರು ಬದಲಿಸಿದೆ, ಕಾಗದ ನಿಂತವು. ಬಹಳ ಕಾಲದ ಮೇಲೆ ಹುಬ್ಬಳ್ಳಿಯಲ್ಲಿ ಬಂಧುವೊಬ್ಬರ ಮದುವೆಗೆ ಹೋದವನು ಮರುದಿನ ಭಾನುವಾರ ಬೆಟಗೇರಿಯ ಆರಾಧನೆಗೆ ಹೋಗಿ ಕೂತೆ. ಆರಾಧನೆ ಮುಗಿದ ಮೇಲೆ ಹಿರಿಯರೊಬ್ಬರನ್ನು ವಿಚಾರಿಸಿದರೆ ಅವರು ನನ್ನನ್ನು ದಿಟ್ಟಿಸಿ ನೋಡಿ, “ಬ್ಯಾಸಿಗ್ಯಾಗ ಬಂದಿದ್ರಲ್ಲ, ಮಂಗಳೂರ ಹುಡುಗರು?” ಎಂದರು. ಅಷ್ಟು ವರ್ಷದ ಹಿಂದಿನ ಹದಿನೈದು ದಿನವನ್ನು ಆ ಓಣಿ ಇಟ್ಟುಕೊಂಡಿತ್ತು. ಅವರೇ ಕರೆದುಕೊಂಡು ಹೋದರು.

ಗೆಳೆಯ ಬಾಗಿಲಿಗೆ ಬಂದು ಒಂದು ಗಳಿಗೆ ನಿಂತ. “ಮಗ್ಗ ಮಾರೇವಿ. ಒಳಗ ಬಾ,” ಎಂದ. ಅವನು ಆಡಿದ ಮೊದಲ ಮಾತು ಅದು. ಗುಂಡಿ ಮುಚ್ಚಿ ಅದರ ಮೇಲೆ ಟೈಲ್ಸ್ ಹಾಕಿದ್ದರು. ಅಪ್ಪ ಹೋಗಿದ್ದರು, ಅವ್ವ ಹೋಗಿದ್ದರು. ಅವನು ಒಂದು ಅಂಗಡಿಯಲ್ಲಿ ಲೆಕ್ಕ ಬರೆಯುತ್ತಿದ್ದ. ಮತ್ತೆ ಕೂಡುವುದು ಎಂದರೆ ನಗುನಗುತ್ತಾ ಹಳೆಯದನ್ನು ಮೆಲುಕು ಹಾಕುವುದು ಎಂದುಕೊಳ್ಳುತ್ತೇವೆ. ಮೊದಲ ಎರಡು ಗಂಟೆ ನಾವು ಸತ್ತವರ ಲೆಕ್ಕವನ್ನೇ ಕೇಳಿಕೊಂಡೆವು. ಅವನ ಕಡೆಯವರು, ನನ್ನ ಕಡೆಯವರು, ಆ ತಂಡದಲ್ಲಿದ್ದವರು. ಅದೆಲ್ಲ ಮುಗಿದ ಮೇಲೆ ನಗು ಬಂತು. ಅವನ ಹೆಂಡತಿ ರೊಟ್ಟಿ ಬಡಿಸಿ, ನಾನು ಮುರಿದು ತಿನ್ನುವುದನ್ನು ನೋಡಿ, “ಇವರಿಗೆ ಯಾರು ಕಲಿಸಿದ್ರು?” ಎಂದು ಕೇಳಿದರು.

ಮುಂದಿನ ವರ್ಷ ಅವನ ಮಗಳಿಗೆ ನರ್ಸಿಂಗ್ ಸೀಟು ಮಂಗಳೂರಿನಲ್ಲಿ ಸಿಕ್ಕಿತು. ಅಪ್ಪ ಮಗಳು ನಮ್ಮ ಮನೆಯಲ್ಲೇ ಇಳಿದರು. ಈಗ ಅವಳಿಗೆ ಹಾಸ್ಟೆಲ್ ಬೇಸರವಾದರೆ ನಮ್ಮ ಮನೆ. ನೀರುದೋಸೆಗೆ ಶೇಂಗಾ ಚಟ್ನಿ ಹಚ್ಚಿಕೊಂಡು ತಿನ್ನುವ ಅವಳ ಪದ್ಧತಿ ನಮ್ಮ ಮನೆಯವರಿಗೂ ಅಂಟಿಕೊಂಡಿದೆ.

ಬರುವ ಬೇಸಿಗೆಗೆ ನಮ್ಮ ಸಭೆಯಿಂದ ಮತ್ತೆ ಒಂದು ತಂಡ ಬೆಟಗೇರಿಗೆ ಹೊರಟಿದೆ. ಮಕ್ಕಳ ಸುರಕ್ಷತೆ, ಸ್ನಾನದ ಅನುಕೂಲ ಎಂದು ಹಲವು ತಂದೆತಾಯಂದಿರು ಗದಗಿನಲ್ಲಿ ಲಾಡ್ಜ್ ಮಾಡೋಣ ಎಂದರು. ಅವರ ಕಾಳಜಿ ಸುಳ್ಳಲ್ಲ, ಕಾಲವೂ ಬದಲಾಗಿದೆ. ಗೆಳೆಯ ಮಾತ್ರ ಒಪ್ಪಲಿಲ್ಲ. ಪ್ರತಿ ಮನೆಗೂ ತಾನೇ ಹೋಗಿ ನೋಡಿ, ಯಾರ ಮನೆಯಲ್ಲಿ ಎಷ್ಟು ಮಂದಿ, ಹುಡುಗಿಯರಿಗೆ ಬೇರೆ ಕೋಣೆ ಇದೆಯೇ, ಬಚ್ಚಲಿಗೆ ಚಿಲಕ ಇದೆಯೇ ಎಂದು ಬರೆದು ಒಂದು ಪಟ್ಟಿ ಕಳಿಸಿದ್ದಾನೆ. ಅದರಲ್ಲಿ ಎರಡು ಮನೆ ಕ್ರೈಸ್ತರದ್ದಲ್ಲ, ಓಣಿಯ ನೇಕಾರ ನೆರೆಯವರದ್ದು. ಅವರೇ ಕೇಳಿ ಹೆಸರು ಬರೆಸಿದರಂತೆ. ಅಕ್ಟೋಬರ್ ರಜೆಗೆ ಅಲ್ಲಿಯ ಹುಡುಗರು ಇಲ್ಲಿಗೆ ಬರಬೇಕು, ನಮ್ಮ ಮನೆಗಳ ಪಟ್ಟಿಯನ್ನೂ ಈಗಲೇ ಕಳಿಸಬೇಕು ಎಂದು ವಾರಕ್ಕೊಮ್ಮೆ ಫೋನ್ ಮಾಡುತ್ತಾನೆ. ನಮ್ಮ ಪಟ್ಟಿಗೆ ಇನ್ನೂ ಮೂರು ಮನೆ ಬೇಕು.